‘ಬೆಟ್ಟೆ’ ಅಂತ ಸೇವ್ ಮಾಡಿದರೆ ಆರು ಪ್ರಶ್ನೆ ಚಿಹ್ನೆ ಯಾಕೆ ಬರುತ್ತೆ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ಪಿಎಚ್‌ಪಿ ಕಲಿಯಲು ಶುರು ಮಾಡಿ ಮೂರು ತಿಂಗಳಾಯ್ತು. ನಮ್ಮ ದೊಡ್ಡಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೋಸ್ಕರ ಒಂದು ಸಣ್ಣ ಬಿಲ್ ಪ್ರೋಗ್ರಾಂ ಮಾಡಿದ್ದೇನೆ. ಫಾರ್ಮ್‌ನಲ್ಲಿ ಕನ್ನಡ ಸರಿಯಾಗೇ ಕಾಣುತ್ತದೆ. ಅಡಿಕೆಯ ಬಗೆ ‘ಬೆಟ್ಟೆ’ ಅಂತ ಬರೆದು ಸೇವ್ ಮಾಡಿ ಮತ್ತೆ ತೆಗೆದರೆ ಬರೀ ?????? ಅಂತ ಬರುತ್ತದೆ. ಡೇಟಾಬೇಸ್ ಸೆಟ್ಟಿಂಗ್ ಬದಲಾಯಿಸಿ ನೋಡಿದೆ, ಏನೂ ಆಗಲಿಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಇನ್ನೇನನ್ನೂ ಬದಲಾಯಿಸಬೇಡಿ. ಹಾಗೇ ಕೈ ಕಟ್ಟಿ ಕೂತು ಮೊದಲು ಒಂದು ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಈ ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಸಲವಾದರೂ ಬರುತ್ತದೆ. ಕೇಳುವವರಲ್ಲಿ ಮುಕ್ಕಾಲು ಜನ ನನ್ನ ಹತ್ತಿರ ಬರುವ ಹೊತ್ತಿಗೆ ನಾಲ್ಕು ಕಡೆ ನಾಲ್ಕು ಸೆಟ್ಟಿಂಗ್ ತಿರುವಿ, ಮೂಲ ತಪ್ಪು ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ಮಾಡಿಕೊಂಡಿರುತ್ತಾರೆ.

ಈಗ ಆ ಪ್ರಶ್ನೆ ಚಿಹ್ನೆಗಳನ್ನು ಎಣಿಸೋಣ. ‘ಬೆಟ್ಟೆ’ ಅಂದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಆರು: ಬ, ಎತ್ವ, ಟ, ವಿರಾಮ, ಇನ್ನೊಂದು ಟ, ಮತ್ತೆ ಎತ್ವ. ಯುನಿಕೋಡ್‌ನಲ್ಲಿ ಗುಣಿತದ ಚಿಹ್ನೆಗೂ ಒತ್ತಕ್ಷರ ಕೂಡಿಸುವ ವಿರಾಮಕ್ಕೂ ಬೇರೆಬೇರೆ ನಂಬರ್ ಇದೆ. ಹಾಗಾಗಿ ಆರಕ್ಕೆ ಆರು ಪ್ರಶ್ನೆ ಚಿಹ್ನೆ. ಅಂದರೆ ನಿಮ್ಮ ಫಾರ್ಮ್ ಕನ್ನಡವನ್ನು ಸರಿಯಾಗಿಯೇ ಕಳಿಸಿದೆ, ಯಾರೋ ದಾರಿಯಲ್ಲಿ ಅದನ್ನು ಒಂದೊಂದಾಗಿ ಓದಿ, ‘ಇದು ನನ್ನ ಪಟ್ಟಿಯಲ್ಲಿ ಇಲ್ಲ’ ಅಂತ ಒಂದೊಂದಕ್ಕೂ ಒಂದು ‘?’ ಇಟ್ಟಿದ್ದಾರೆ.

ಆ ‘ಯಾರೋ’ ಹೆಚ್ಚಿನ ಸಲ ನಿಮ್ಮ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1, ಅಂದರೆ ಯುರೋಪಿನ ಕೆಲವು ಭಾಷೆಗಳ ಅಕ್ಷರದ ಪಟ್ಟಿ. ಪಿಎಚ್‌ಪಿಮೈಅಡ್ಮಿನ್ ತೆರೆದು ನಿಮ್ಮ ಟೇಬಲ್‌ನ ‘ಕೊಲೇಷನ್’ ಕಾಲಂ ನೋಡಿ. ‘ಲ್ಯಾಟಿನ್1 ಸ್ವೀಡಿಷ್’ ಅಂತ ಇರಬಹುದು. ಶಿವಮೊಗ್ಗದ ಅಡಿಕೆ ಲೆಕ್ಕಕ್ಕೆ ಸ್ವೀಡಿಷ್ ಎಲ್ಲಿಂದ ಬಂತು ಅಂತ ನಾನೂ ಮೊದಲ ಸಲ ತಲೆ ಕೆರೆದುಕೊಂಡಿದ್ದೆ. ಮೈಎಸ್‌ಕ್ಯೂಎಲ್ ಹುಟ್ಟಿದ್ದು 1995ರಲ್ಲಿ, ಸ್ವೀಡನ್ನಿನ ಕಂಪನಿಯಿಂದ. ಅವರ ಊರಿನ ಅಕ್ಷರದ ಕ್ರಮವನ್ನೇ ಡೀಫಾಲ್ಟ್ ಮಾಡಿಟ್ಟರು. ನಾವು ಏನನ್ನೂ ಹೇಳದೆ ಟೇಬಲ್ ಮಾಡಿದರೆ 2018ರಲ್ಲಿ 8.0 ಬರುವವರೆಗೂ ಅದೇ ಸಿಗುತ್ತಿತ್ತು. ಹಳೇ ಸರ್ವರ್‌ಗಳಲ್ಲಿ ಇವತ್ತಿಗೂ ಅದೇ. ಲ್ಯಾಟಿನ್1ನಲ್ಲಿ ಒಟ್ಟು 256 ಜಾಗ, ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ.

ನಿಮ್ಮ ಮಂಡಿ ಭಾಷೆಯಲ್ಲೇ ಹೇಳುತ್ತೇನೆ. ಬೆಟ್ಟೆ, ರಾಶಿ ಥರ ಸರಕು, ಗೊರಬಲು ಕೂಡ ಅಡಿಕೆಯ ಬಗೆಗಳು. ಚೀಲದೊಳಗೆ ‘ಸರಕು’ ಇದೆ, ಮೇಲಿನ ಚೀಟಿಯಲ್ಲಿ ‘ಗೊರಬಲು’ ಅಂತ ಬರೆದಿದೆ ಅಂದುಕೊಳ್ಳಿ. ದಾರಿಯಲ್ಲಿ ಯಾರೂ ಚೀಲ ಬಿಚ್ಚಿ ನೋಡುವುದಿಲ್ಲ, ಚೀಟಿ ನೋಡಿಯೇ ಲೆಕ್ಕ ಹಾಕುತ್ತಾರೆ. ಬೈಟ್‌ಗಳು ಚೀಲದೊಳಗಿನ ಮಾಲು, ಅವನ್ನು ಯಾವ ಪಟ್ಟಿ ಪ್ರಕಾರ ಓದಬೇಕು ಅಂತ ಹೇಳುವ ಚಾರ್‌ಸೆಟ್ ಅನ್ನೋದು ಚೀಟಿ. ವೆಬ್ ಪೇಜ್, ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಹೋಗುವ ಕನೆಕ್ಷನ್, ಟೇಬಲ್‌ನ ಕಾಲಂ – ಈ ಮೂರು ಕಡೆ ಚೀಟಿ ಬದಲಾಗುತ್ತದೆ. ಒಂದು ಕಡೆ ತಪ್ಪಿದರೂ ಸಾಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ತೆರೆಯ ಮೇಲೆ ‘??????’ ಕಂಡಿತು ಅಂದ ಮಾತ್ರಕ್ಕೆ ಡೇಟಾ ಹಾಳಾಗಿದೆ ಅಂತಲ್ಲ. ಟೇಬಲ್‌ನಲ್ಲಿ ಕನ್ನಡ ಸುರಕ್ಷಿತವಾಗಿದ್ದು, ಓದುವ ಕನೆಕ್ಷನ್ ಮಾತ್ರ ಲ್ಯಾಟಿನ್1 ಆಗಿದ್ದರೂ ಅದೇ ಆರು ಪ್ರಶ್ನೆ ಚಿಹ್ನೆ ಕಾಣುತ್ತವೆ. ಇಲ್ಲ, ಬರೆಯುವಾಗಲೇ ‘?’ ಆಗಿ ಕೂತುಬಿಟ್ಟಿದ್ದರೆ ಕಥೆ ಬೇರೆ. ಎರಡೂ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ.

ಅದಕ್ಕೆ ಚೀಲ ಬಿಚ್ಚಿ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಹೆಕ್ಸ್’ ಅಂತ ಒಂದು ಫಂಕ್ಷನ್ ಇದೆ. ಸೆಲೆಕ್ಟ್ ಮಾಡುವಾಗ ಕಾಲಂ ಹೆಸರನ್ನು ಅದರೊಳಗೆ ಹಾಕಿ. ಅಕ್ಷರದ ಬದಲು ಒಳಗಿನ ಬೈಟ್‌ಗಳೇ ಸಿಗುತ್ತವೆ, ಚೀಟಿಯ ಗೊಡವೆ ಇಲ್ಲ.

ಸಾಲು ‘ಇ0 ಬಿ2’ ಅಂತ ಶುರುವಾದರೆ ಅದು ಅಪ್ಪಟ ಕನ್ನಡ. ಯುನಿಕೋಡ್ ನಂಬರನ್ನು ಬೈಟ್ ಮಾಡಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಎಲ್ಲವೂ ‘ಇ0’ಯಿಂದಲೇ ಶುರು, ಆಮೇಲೆ ‘ಬಿ2’ ಇಲ್ಲವೇ ‘ಬಿ3’. ‘ಬೆಟ್ಟೆ’ಗೆ ಒಟ್ಟು 18 ಬೈಟ್. ಕಾಲಂ ಕೂಡ ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8ಗೆ ಮೈಎಸ್‌ಕ್ಯೂಎಲ್ ಇಟ್ಟ ಹೆಸರು) ಆಗಿದ್ದರೆ ನೀವು ಗೆದ್ದಿರಿ, ಕನೆಕ್ಷನ್ ಸರಿ ಮಾಡಿದರೆ ಮುಗೀತು.

‘ಸಿ3 ಎ0 ಸಿ2 ಬಿ2’ ಅಂತ ಬಂದರೆ ಎರಡು ಸಲ ಸುತ್ತಿದ ಮಾಲು. ಕನೆಕ್ಷನ್ ‘ನಾನು ಲ್ಯಾಟಿನ್1’ ಅಂತ ಸುಳ್ಳು ಹೇಳಿದೆ, ಮೈಎಸ್‌ಕ್ಯೂಎಲ್ ನಂಬಿ ಪ್ರತಿ ಬೈಟನ್ನೂ ಬೇರೆ ಅಕ್ಷರ ಅಂದುಕೊಂಡು ಮತ್ತೆ ಯುಟಿಎಫ್-8 ಮಾಡಿದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡಿದರೆ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಅದರ ಭುಜದ ಮೇಲೆ ಪುಟ್ಟ 2 ಅಥವಾ 3, ಇದೇ ಸಾಲುಸಾಲು. ತಮಾಷೆ ಏನೆಂದರೆ ನಿಮ್ಮ ಪ್ರೋಗ್ರಾಂನಲ್ಲಿ ಮಾತ್ರ ಕನ್ನಡ ಸರಿಯಾಗಿ ಕಾಣುತ್ತಿರುತ್ತದೆ, ಯಾಕೆಂದರೆ ಓದುವಾಗಲೂ ಅದೇ ಸುಳ್ಳು ಹೇಳುತ್ತೀರಲ್ಲ! ಕನೆಕ್ಷನ್ ಸರಿ ಮಾಡಿದ ದಿನ ಹಳೇ ಸಾಲುಗಳೆಲ್ಲ ಕೆಟ್ಟು ಕಾಣುತ್ತವೆ. ಗಾಬರಿ ಬೇಡ. ಆ ಕಾಲಂ ಅನ್ನು ಲ್ಯಾಟಿನ್1ಗೆ, ಅಲ್ಲಿಂದ ಬೈನರಿಗೆ, ಬೈನರಿಯಿಂದ ಯುಟಿಎಫ್8ಎಂಬಿ4ಗೆ ಪರಿವರ್ತಿಸುವ ಒಂದು ಅಪ್‌ಡೇಟ್ ಬರೆದರೆ ವಾಪಸ್ ಸಿಗುತ್ತದೆ. ಹಳೇ ಸಾಲುಗಳಿಗೆ ಮಾತ್ರ, ಅದೂ ಒಂದೇ ಸಲ. ಹೊಸದಾಗಿ ಸರಿಯಾಗಿ ಸೇರಿದ ಸಾಲಿನ ಮೇಲೆ ಓಡಿಸಿದರೆ ಇದ್ದದ್ದೂ ಹೋಗುತ್ತದೆ.

ಬರೀ ‘3ಎಫ್ 3ಎಫ್ 3ಎಫ್’ ಬಂದರೆ, ಅದು ನಿಜವಾದ ಪ್ರಶ್ನೆ ಚಿಹ್ನೆ. ಒಳಗಿನ ಕನ್ನಡ ಹೋಯ್ತು. ಯಾವ ಕನ್ವರ್ಟರ್‌ಗೂ ಅದನ್ನು ತರಲು ಆಗದು.

ಎಣಿಸಿಯಾದರೂ ಹಿಡಿಯಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಟೇಬಲ್‌ನಲ್ಲೇ ನೋಡಿ. ಬೆಟ್ಟೆಗೆ ಆರು, ಗೊರಬಲಿಗೂ ಆರು. ರಾಶಿಗೆ ನಾಲ್ಕು, ಸರಕಿಗೂ ನಾಲ್ಕು. ಸರಕಿನ ದರಕ್ಕೂ ರಾಶಿಯ ದರಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮ್ಮ ದೊಡ್ಡಪ್ಪನನ್ನೇ ಕೇಳಿ. ಊಹೆ ಮೇಲೆ ತುಂಬಿಸಲು ಹೋಗಬೇಡಿ.

ಈ ‘3ಎಫ್’ ಸುಮ್ನೆ ಬರುವುದಿಲ್ಲ. ಸ್ಟ್ರಿಕ್ಟ್ ಮೋಡ್ ಆನ್ ಇದ್ದರೆ ಮೈಎಸ್‌ಕ್ಯೂಎಲ್ ಲ್ಯಾಟಿನ್1 ಕಾಲಂಗೆ ಕನ್ನಡ ಬಂದಾಗ 1366 ನಂಬರಿನ ಎರರ್ ಕೊಟ್ಟು ನಿಲ್ಲುತ್ತದೆ. ಅದು ಆಫ್ ಇದ್ದಾಗಲೇ ಬಾಯಿ ಮುಚ್ಚಿಕೊಂಡು ‘?’ ಬರೆಯುವುದು. ಬೇರೆ ಯಾವುದೋ ಎರರ್ ಬಂತು ಅಂತ ಎಲ್ಲೋ ಓದಿ ಸ್ಟ್ರಿಕ್ಟ್ ಮೋಡ್ ಆಫ್ ಮಾಡಿದ್ದೀರಾ? ಮಾಡಿದ್ದರೆ ವಾಪಸ್ ಆನ್ ಮಾಡಿ. ಬೈಯುವ ಸರ್ವರ್ ಒಳ್ಳೆಯದು. ಇನ್ನೊಂದು ಕಳ್ಳ ಇದೆ: ಪಿಎಚ್‌ಪಿಯ ‘ಯುಟಿಎಫ್8 ಡಿಕೋಡ್’ ಫಂಕ್ಷನ್. ಹೆಸರು ನೋಡಿ ಮೋಸ ಹೋಗಿ ಕಾಪಿ ಮಾಡುವವರು ಜಾಸ್ತಿ. ಅದು ಮಾಡುವ ಕೆಲಸ ಯುಟಿಎಫ್-8 ಅನ್ನು ಲ್ಯಾಟಿನ್1 ಮಾಡುವುದು, ಅಂದರೆ ಕನ್ನಡವನ್ನು ‘?’ ಮಾಡುವುದು. ಪಿಎಚ್‌ಪಿ 8.2ರಿಂದ ಅದನ್ನು ಬಳಸಬೇಡಿ ಅಂತ ಅವರೇ ಎಚ್ಚರಿಕೆ ಕೊಡುತ್ತಾರೆ. ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ ಇದ್ದರೆ ಕಿತ್ತು ಹಾಕಿ.

ಇನ್ನು ನೀವು ಬದಲಾಯಿಸಿದ ಸೆಟ್ಟಿಂಗ್ ಯಾಕೆ ಕೆಲಸ ಮಾಡಲಿಲ್ಲ? ಡೇಟಾಬೇಸ್‌ನ ಕೊಲೇಷನ್ ಬದಲಾಯಿಸಿದರೆ ಅದು ಮುಂದೆ ಮಾಡುವ ಟೇಬಲ್‌ಗಳಿಗೆ ಮಾತ್ರ. ಈಗಾಗಲೇ ಇರುವ ಟೇಬಲ್, ಅದರೊಳಗಿನ ಕಾಲಂ ಕದಲುವುದಿಲ್ಲ. ಅವುಗಳಿಗೆ ‘ಆಲ್ಟರ್ ಟೇಬಲ್’ ಜೊತೆ ‘ಕನ್ವರ್ಟ್ ಟು’ ಬೇಕು.

ಆ ‘ಕನ್ವರ್ಟ್ ಟು’ನಿಂದ ನಾನು ಕೈ ಸುಟ್ಟುಕೊಂಡಿದ್ದೇನೆ. ಸಾಗರದ ಹತ್ತಿರ ನಮ್ಮ ನೆಂಟರ ಹೋಮ್‌ಸ್ಟೇಗೆ ಒಂದು ಸೈಟ್ ಮಾಡಿಕೊಟ್ಟಿದ್ದೆ. ಕಾಲಂ ಲ್ಯಾಟಿನ್1, ಒಳಗೆ ಮಾತ್ರ ‘ಇ0 ಬಿ2’, ಅಂದರೆ ಮಾಲು ಸರಿ, ಚೀಟಿ ತಪ್ಪು. ಆಷಾಢದ ಮಳೆ, ರಾತ್ರಿ ಹನ್ನೊಂದು, ಕರೆಂಟ್ ಹೋಗಿ ಬಂದು ಆಗುತ್ತಿತ್ತು. ಬೇಗ ಮುಗಿಸಿ ಮಲಗೋಣ ಅಂತ ಬ್ಯಾಕಪ್ ಇಲ್ಲದೆ ಒಂದೇ ಸಾಲಿನಲ್ಲಿ ಕನ್ವರ್ಟ್ ಮಾಡಿದೆ. ಮೈಎಸ್‌ಕ್ಯೂಎಲ್ ತಪ್ಪು ಚೀಟಿಯನ್ನು ನಂಬಿ ಎಲ್ಲವನ್ನೂ ಎರಡು ಸಲ ಸುತ್ತಿತು. ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ ‘ಇದೇನೋ, ನಮ್ಮ ಕಡುಬಿನ ಹೆಸರಿಗೆಲ್ಲ ಕೊಂಬು ಬಂದಿದೆ’ ಅಂದರು. ಎರಡು ದಿನ ಹಿಡಿಯಿತು ಬಿಡಿಸಲು. ಇಂಥ ಕಾಲಂ ಅನ್ನು ಮೊದಲು ಬೈನರಿ ಥರದ್ದಕ್ಕೆ ಬದಲಾಯಿಸಿ ಚೀಟಿ ಕಿತ್ತು, ಆಮೇಲೆ ಯುಟಿಎಫ್8ಎಂಬಿ4 ಅಂತ ಹೊಸ ಚೀಟಿ ಅಂಟಿಸಬೇಕಿತ್ತು.

ಹೆಸರಿನ ಕೊನೆಯ ‘ಎಂಬಿ4’ ಮರೆಯಬೇಡಿ. ಮೈಎಸ್‌ಕ್ಯೂಎಲ್‌ನ ಹಳೇ ‘ಯುಟಿಎಫ್8’ ಒಂದು ಚಿಹ್ನೆಗೆ ಮೂರೇ ಬೈಟ್ ಇಡುತ್ತದೆ. ಕನ್ನಡಕ್ಕೆ ಮೂರು ಸಾಕು, ಅದಕ್ಕೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಎಮೋಜಿಗೆ ನಾಲ್ಕು ಬೇಕು. ಅದೇ ಹೋಮ್‌ಸ್ಟೇ ಸೈಟ್‌ನಲ್ಲಿ ಅತಿಥಿಯೊಬ್ಬರು ‘ಊಟ ಚೆನ್ನಾಗಿತ್ತು’ ಅಂತ ಬರೆದು ನಗುವ ಮುಖ ಹಾಕಿದ್ದರು. ಅಲ್ಲಿಂದಾಚೆಗೆ ಬರೆದದ್ದೆಲ್ಲ ತುಂಡಾಗಿ ಹೋಗಿತ್ತು. ಏನು ಬೈದಿದ್ದರೋ, ಇವತ್ತಿಗೂ ಗೊತ್ತಿಲ್ಲ.

ಕೋಡ್‌ನಲ್ಲಿ ಮಾಡಬೇಕಾದದ್ದು ತುಂಬಾ ಕಡಿಮೆ. ಮೈಎಸ್‌ಕ್ಯೂಎಲ್‌ಐ ಬಳಸುತ್ತಿದ್ದರೆ ಕನೆಕ್ಟ್ ಆದ ಮರುಸಾಲಿನಲ್ಲೇ ‘ಸೆಟ್ ಚಾರ್‌ಸೆಟ್’ ಕರೆದು ಯುಟಿಎಫ್8ಎಂಬಿ4 ಕೊಡಿ. ಪಿಡಿಓ ಆದರೆ ಕನೆಕ್ಷನ್ ಸ್ಟ್ರಿಂಗ್‌ನಲ್ಲೇ ‘ಚಾರ್‌ಸೆಟ್’ ಬರೆಯಿರಿ. ‘ಸೆಟ್ ನೇಮ್ಸ್’ ಅಂತ ಕ್ವೆರಿ ಓಡಿಸುವುದು ಹಳೇ ಅಭ್ಯಾಸ. ಅದರಿಂದ ಸರ್ವರ್‌ಗೆ ಗೊತ್ತಾಗುತ್ತದೆ, ಪಿಎಚ್‌ಪಿಗೆ ಗೊತ್ತಾಗುವುದಿಲ್ಲ. ಪೇಜ್‌ನ ಹೆಡ್‌ನಲ್ಲಿ ಯುಟಿಎಫ್-8 ಮೆಟಾ ಇರಲಿ. ಅಷ್ಟೇ.

ಕನ್ನಡ ಸರಿಯಾದ ಮೇಲೂ ಒಂದು ಕಡೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಾಣಬಹುದು. ಅದು ಡೇಟಾಬೇಸ್‌ನದ್ದಲ್ಲ, ಪದ ಕತ್ತರಿಸುವ ಪಿಎಚ್‌ಪಿ ಫಂಕ್ಷನ್ ‘ಸಬ್‌ಸ್ಟರ್’ ಕೆಲಸ. ರೈತರ ಹೆಸರು ಉದ್ದ ಇದೆ ಅಂತ 20ಕ್ಕೆ ಕತ್ತರಿಸುತ್ತೀರಿ, ಅದು 20 ಬೈಟ್ ಎಣಿಸುತ್ತದೆ. ಮೂರರ ಲೆಕ್ಕದಲ್ಲಿ ಆರು ಚಿಹ್ನೆಗೆ 18, ಉಳಿದ ಎರಡು ಬೈಟ್ ಅರ್ಧ ಕಡಿದ ಅಡಿಕೆ ಹೋಳಿನ ಹಾಗೆ ನೇತಾಡುತ್ತವೆ. ಮುಂದೆ ‘ಎಂಬಿ’ ಇರುವ ಫಂಕ್ಷನ್ ಬಳಸಿ. ಗುಣಿತದ ಚಿಹ್ನೆ ಅಕ್ಷರದಿಂದ ಬೇರೆಯಾಗಬಾರದು ಅಂದರೆ ‘ಗ್ರಾಫೀಮ್’ ಹೆಸರಿನವು ಇವೆ, ಆದರೆ ಕನ್ನಡದ ಒತ್ತಕ್ಷರವನ್ನು ಅವೂ ಮುರಿಯಬಹುದು.

ಮಂಡಿಯ ಹಳೇ ಫೈಲ್‌ನಿಂದ ರೈತರ ಹೆಸರು ಕಾಪಿ ಮಾಡುತ್ತಿದ್ದರೆ, ಅದು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನದ್ದಾ ಅಂತ ಪರೀಕ್ಷಿಸಿ. ಹೌದಾದರೆ ಅದರೊಳಗೆ ಇರುವುದು ಕನ್ನಡವೇ ಅಲ್ಲ, ಕನ್ನಡದ ಹಾಗೆ ಚಿತ್ರ ಬಿಡಿಸಿದ ಇಂಗ್ಲಿಷ್ ಅಕ್ಷರ. ಯಾವ ಸರ್ವರ್ ಸೆಟ್ಟಿಂಗೂ ಅದಕ್ಕೆ ನಾಟುವುದಿಲ್ಲ, ಮೊದಲು ಯುನಿಕೋಡ್‌ಗೆ ಪರಿವರ್ತಿಸಿ.

ಈ ಉತ್ತರ ಬರೆಯುವ ಮುಂಚೆ ಪ್ರಶ್ನೆ ಕೇಳಿದವರಿಗೆ ‘ಹೆಕ್ಸ್’ ಹಾಕಿ ನೋಡಲು ಹೇಳಿದ್ದೆ. ಮೊದಲ ನೂರು ಚಿಲ್ಲರೆ ಸಾಲು ಪೂರ್ತಿ ‘3ಎಫ್’ ಅಂತೆ. ಪುಣ್ಯಕ್ಕೆ ದೊಡ್ಡಪ್ಪ ಕೈಬರಹದ ಬಿಲ್ ಪುಸ್ತಕ ಬಿಟ್ಟಿರಲಿಲ್ಲ. ಈ ಭಾನುವಾರ ಅವರು ಓದಿ ಹೇಳುತ್ತಾರೆ, ಇವರು ಟೈಪ್ ಮಾಡುತ್ತಾರೆ.