ಮತ್ತೆ ಮತ್ತೆ ನಡೆಯುವ ಲೈಂಗಿಕ ದೌರ್ಜನ್ಯ: ಸಮಾಜಕಾರ್ಯ ಓದುವವರಿಗೆ ಒಂದು ಟಿಪ್ಪಣಿ

ಕಲಂ ಸಂಖ್ಯೆ ಬಾಯಿಪಾಠ ಮಾಡುವ ಮುಂಚೆ ಒಂದು ಕೇಸ್ ಇಟ್ಟುಕೊಳ್ಳೋಣ. ಇದು ಕಲ್ಪಿಸಿಕೊಂಡದ್ದು. ಜಗಳೂರು ಕಡೆಯ ಹುಡುಗಿ, 15 ವರ್ಷ. ದಾವಣಗೆರೆಯಲ್ಲಿ ನೆಂಟರ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಾಳೆ. ಆ ಮನೆಯಲ್ಲಿ ಅವಳು ಮಾವ ಎಂದು ಕರೆಯುವವನೇ ತಿಂಗಳುಗಟ್ಟಲೆ ಅವಳ ಮೇಲೆ ಅತ್ಯಾಚಾರ ಮಾಡಿದ್ದಾನೆ. ಕೊನೆಗೊಂದು ದಿನ ಟೀಚರ್ ಹತ್ತಿರ ಬಾಯಿಬಿಡುತ್ತಾಳೆ. ಆಗ ಸುತ್ತಲಿನವರು ಕೇಳುವುದು ಒಂದೇ: "ಮೊದಲನೇ ಸಲವೇ ಯಾಕೆ ಹೇಳಲಿಲ್ಲ?"

ನಾವು ಈ ಪ್ರಶ್ನೆ ಕೇಳಲೇಬಾರದು. ಅವಳು ಉಣ್ಣುವುದು ಅವನ ಮನೆಯಲ್ಲಿ. ಹೇಳಿದರೆ ಓದು ಬಿಡಿಸಿ ಊರಿಗೆ ಕರೆದುಕೊಂಡು ಹೋಗಿ ಮದುವೆ ಮಾಡಿಬಿಡುತ್ತಾರೆ ಎಂಬ ಭಯ. "ನಿಮ್ಮವ್ವ ತಲೆ ಎತ್ತಿ ತಿರುಗೋ ಹಾಗಿರಲ್ಲ" ಎಂಬ ಬೆದರಿಕೆ ಬೇರೆ. ಹೆದರಿಕೆಗೆ ಕೈಕಾಲು ಮರಗಟ್ಟಿ ದನಿಯೇ ಹೊರಡದಿರುವುದೂ ಉಂಟು. ಸುಮ್ನಿದ್ದಳು ಅಂದರೆ ಒಪ್ಪಿದ್ದಳು ಅಂತಲ್ಲ. 18 ತುಂಬದವರ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾನೂನು ನೋಡುವುದೇ ಬೇರೆ ಥರ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 5ನೇ ಕಲಂ ಪ್ರಕಾರ, ಒಂದಕ್ಕಿಂತ ಹೆಚ್ಚು ಸಲ ಮಾಡಿದರೆ ಅದು ಇನ್ನೂ ಗಂಭೀರ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 20 ವರ್ಷ ಜೈಲು. ವಯಸ್ಕ ಮಹಿಳೆಯಾದರೆ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಂ. ಒಬ್ಬಳ ಮೇಲೇ ಪದೇ ಪದೇ ಅತ್ಯಾಚಾರ ಮಾಡಿದವನಿಗೆ ಕನಿಷ್ಠ 10 ವರ್ಷ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕೇಸ್ ಬಿದ್ದುಹೋಗುವುದಿಲ್ಲ.

ಸಹಾಯ ಅಂದ ಕೂಡಲೇ ಎಲ್ಲರೂ ಪೊಲೀಸ್ ಸ್ಟೇಷನ್ ಎನ್ನುತ್ತಾರೆ. ನನ್ನ ಪ್ರಕಾರ ಆಸ್ಪತ್ರೆ ಅಷ್ಟೇ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ಎಫ್‌ಐಆರ್ ಆಗಿಲ್ಲ ಎಂದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ವಾಪಸ್ ಕಳಿಸುವಂತಿಲ್ಲ. ಚಿಕಿತ್ಸೆಗೆ ದುಡ್ಡೂ ಕೇಳುವಂತಿಲ್ಲ. ಆಗಷ್ಟೇ ನಡೆದಿದ್ದರೆ ಸ್ನಾನ ಮಾಡಿಸಬೇಡಿ. ಬಟ್ಟೆಯನ್ನು ತೊಳೆಯದೆ ಪೇಪರ್ ಕವರಿನಲ್ಲಿ ಇಡಿ. ಪ್ಲಾಸ್ಟಿಕ್ ಬೇಡ, ತೇವಕ್ಕೆ ಸಾಕ್ಷ್ಯ ಕೆಡುತ್ತದೆ. ದಿನಗಳು ಕಳೆದಿದ್ದರೂ ಹೋಗಲೇಬೇಕು.

ಫೋನ್: ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆಂದೇ ಇರುವ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚನೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಯೂನಿಫಾರ್ಮ್ ಇಲ್ಲದೆ ಬರಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು.

ಇನ್ನು ಟೀಚರ್ ವಿಷಯ. "ಯಾರಿಗೂ ಹೇಳ್ಬೇಡಿ ಮಿಸ್" ಎಂದು ಹುಡುಗಿ ಅಳುತ್ತಾಳೆ ಅಂದುಕೊಳ್ಳಿ. ಹೇಳಲ್ಲ ಎಂದು ಮಾತು ಕೊಡುವಂತಿಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೊ 21ನೇ ಕಲಂ ಪ್ರಕಾರ ಅವರಿಗೇ ಶಿಕ್ಷೆ. "ನೀನು ಹೇಳಿದ್ದನ್ನು ನಂಬ್ತೀನಿ. ತಪ್ಪು ನಿಂದಲ್ಲ. ಹೇಳಲೇಬೇಕಾದವರಿಗೆ ಮಾತ್ರ ಹೇಳೋಣ, ನಾನು ಜೊತೆಗೇ ಇರ್ತೀನಿ" ಎನ್ನಬಹುದು. ಅಂದು ರಾತ್ರಿ ಅವಳನ್ನು ಅದೇ ಮನೆಗೆ ಕಳಿಸಬಾರದು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಅವಳು ಎಲ್ಲಿ ಉಳಿಯಬೇಕು ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ.