ಪಿಎನ್‌ಎಚ್: ಕಾಯಿಲೆ ಅರ್ಥವಾಗಲು ನೂರು ವರ್ಷ, ಔಷಧಿ ಕೈಗೆಟುಕಲು ಇನ್ನೆಷ್ಟು?

ಬೆಳಗ್ಗೆ ಎದ್ದಾಗ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತದೆ. ಜತೆಗೆ ವಿಪರೀತ ಸುಸ್ತು, ಹೊಟ್ಟೆನೋವು, ಕಣ್ಣಲ್ಲಿ ಹಳದಿ. ಜಾಂಡೀಸ್ ಇರಬೇಕು ಎಂದು ಸೊಪ್ಪಿನ ಔಷಧಿ ಕುಡಿಸುವವರಿದ್ದಾರೆ, ಕಿಡ್ನಿಯಲ್ಲಿ ಕಲ್ಲಿರಬೇಕು ಎಂದು ಸ್ಕ್ಯಾನ್ ಮಾಡಿಸುವವರಿದ್ದಾರೆ. ನಾಲ್ಕಾರು ಆಸ್ಪತ್ರೆ ಸುತ್ತಿದ ಮೇಲೆ ಯಾರೋ ಒಬ್ಬ ರಕ್ತರೋಗ ತಜ್ಞರು ಹೇಳುವ ಹೆಸರು ಪಿಎನ್‌ಎಚ್. ಪೂರ್ತಿ ಹೇಳಿದರೆ ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನ್ಯೂರಿಯಾ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಹೊಸದಾಗಿ ಬರುವ ಕಾಯಿಲೆ.

ಹೆಸರು ಸಿಕ್ಕಿತು ಎಂದು ಇಂಟರ್ನೆಟ್ ತೆರೆದರೆ ಗೊಂದಲ ಇನ್ನೂ ಜಾಸ್ತಿ. ಒಂದು ಕಡೆ ಇದು ರಕ್ತಹೀನತೆ ಎಂದಿರುತ್ತದೆ. ಇನ್ನೊಂದು ಕಡೆ ರಕ್ತ ಹೆಪ್ಪುಗಟ್ಟುವ ರೋಗ, ಮತ್ತೊಂದು ಕಡೆ ಮೂಳೆಮಜ್ಜೆಯ ದೋಷ, ಮಗದೊಂದು ಕಡೆ ರೋಗನಿರೋಧಕ ವ್ಯವಸ್ಥೆಯ ಎಡವಟ್ಟು. ವಿಚಿತ್ರವೆಂದರೆ ನಾಲ್ಕೂ ನಿಜ.

ನಮ್ಮ ರಕ್ತದಲ್ಲಿ 'ಕಾಂಪ್ಲಿಮೆಂಟ್' ಎನ್ನುವ ಪ್ರೋಟೀನುಗಳ ಪಡೆ ಇರುತ್ತದೆ. ರೋಗಾಣು ಕಂಡರೆ ಅದರ ಮೈಗೆ ತೂತು ಕೊರೆದು ಸಾಯಿಸುವುದು ಅದರ ಕೆಲಸ. ನಮ್ಮದೇ ಜೀವಕೋಶಗಳನ್ನು ಕೊಲ್ಲಬಾರದಲ್ವಾ? ಅದಕ್ಕೆ ಕೋಶಗಳ ಮೈಮೇಲೆ ಕಾವಲು ಪ್ರೋಟೀನುಗಳಿರುತ್ತವೆ. ಪಿಎನ್‌ಎಚ್ ಇದ್ದವರ ಒಂದಷ್ಟು ಕೆಂಪು ರಕ್ತಕಣಗಳಲ್ಲಿ ಈ ಕಾವಲೇ ಇರುವುದಿಲ್ಲ. ಹಾಗಾಗಿ ಅವು ರಕ್ತನಾಳದೊಳಗೇ ಒಡೆದು, ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತದೆ. ಒಡೆಯುವುದು ಹಗಲೂ ನಡೆಯುತ್ತಲೇ ಇರುತ್ತದೆ. ರಾತ್ರಿಯಿಡೀ ಮೂತ್ರ ಗಟ್ಟಿಯಾಗುವುದರಿಂದ ಬೆಳಗ್ಗೆ ಬಣ್ಣ ಎದ್ದು ಕಾಣುತ್ತದೆ, ಅಷ್ಟೇ.

ಇಷ್ಟು ಹೇಳಲು ಈಗ ಒಂದು ಪ್ಯಾರಾ ಸಾಕು. ಕಂಡುಹಿಡಿಯಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

1882ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ವೈದ್ಯ ಪೌಲ್ ಸ್ಟ್ರೂಬಿಂಗ್, ಗಾಡಿ ತಯಾರಿಸುವ 29 ವರ್ಷದ ಯುವಕನೊಬ್ಬನ ಕೇಸನ್ನು ವಿವರವಾಗಿ ಬರೆದರು. ನಿದ್ದೆಯಲ್ಲಿ ರಕ್ತದ ಓಟ ನಿಧಾನವಾಗಿ, ಇಂಗಾಲಾಮ್ಲ ಸೇರಿಕೊಂಡು ಕಣಗಳು ಒಡೆಯುತ್ತವೆ ಎನ್ನುವುದು ಅವರ ಊಹೆ. ಆಮ್ಲದ ಕಡೆ ಬೆರಳು ತೋರಿಸಿದ್ದು ದೊಡ್ಡ ಮಾತೇ. ಆದರೆ ಆಗ ಹೆಚ್ಚು ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಇಟಲಿಯ ಇಬ್ಬರು ವೈದ್ಯರ ಹೆಸರು ಈ ಕಾಯಿಲೆಗೆ ಅಂಟಿಕೊಂಡಿತು.

ನಿಜವಾದ ತಿರುವು ಬಾಸ್ಟನ್‌ನಲ್ಲಿ, 1937ರಿಂದ 39ರ ನಡುವೆ. ವೈದ್ಯ ಥಾಮಸ್ ಹೇಲ್ ಹ್ಯಾಮ್ ಮಾಡಿದ ಪ್ರಯೋಗ ಎಷ್ಟು ಸರಳ ಎಂದರೆ ಈಗ ಓದಿದರೂ ಖುಷಿಯಾಗುತ್ತದೆ. ರೋಗಿಯ ಸೀರಮ್‌ಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರಿಗೆ, ಚೂರು ಆಮ್ಲ ಬೆರೆಸಿ ಅದರಲ್ಲಿ ಅದೇ ರೋಗಿಯ ಕೆಂಪು ಕಣ ಹಾಕಿದರು. ಒಡೆದವು. ಆರೋಗ್ಯವಂತರ ಸೀರಮ್ ಬಳಸಿದರು. ಆಗಲೂ ಒಡೆದವು. ಆರೋಗ್ಯವಂತರ ಕಣಗಳನ್ನು ರೋಗಿಯ ಸೀರಮ್‌ಗೆ ಹಾಕಿದರೆ ಏನೂ ಆಗಲಿಲ್ಲ. ಅಂದರೆ ದೋಷ ಇರುವುದು ಕಣದಲ್ಲೇ. ಸೀರಮ್ಮನ್ನು 56 ಡಿಗ್ರಿಗೆ ಬಿಸಿ ಮಾಡಿದಾಗ ಒಡೆಯುವುದೂ ನಿಂತಿತು. ಆ ಶಾಖಕ್ಕೆ ಸತ್ತುಹೋಗುವುದು ಕಾಂಪ್ಲಿಮೆಂಟ್. ಹಾಗಾದರೆ ಕಣ ಒಡೆಯುತ್ತಿರುವುದು ಅದೇ!

ಆದರೆ ಇಲ್ಲೊಂದು ತೊಡಕು. ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ದಾರಿ ತೋರಿಸದೆ ಕಾಂಪ್ಲಿಮೆಂಟ್ ಕೆಲಸ ಶುರು ಮಾಡುವುದಿಲ್ಲ ಎಂದೇ ಆಗ ಎಲ್ಲರೂ ನಂಬಿದ್ದರು. ಪಿಎನ್‌ಎಚ್ ರೋಗಿಗಳಲ್ಲಿ ಎಷ್ಟು ಹುಡುಕಿದರೂ ಅಂಥ ಪ್ರತಿಕಾಯ ಸಿಗಲಿಲ್ಲ. 1954ರಲ್ಲಿ ಕ್ಲೀವ್‌ಲ್ಯಾಂಡ್‌ನ ಲೂಯಿಸ್ ಪಿಲ್ಲೆಮರ್, ಪ್ರತಿಕಾಯದ ಹಂಗಿಲ್ಲದೆ ಕಾಂಪ್ಲಿಮೆಂಟ್ ಎಚ್ಚೆತ್ತುಕೊಳ್ಳುವ ಬೇರೆಯದೇ ದಾರಿ ಇದೆ, ಅದಕ್ಕೆ 'ಪ್ರೊಪರ್ಡಿನ್' ಎನ್ನುವ ಪ್ರೋಟೀನು ಬೇಕು ಎಂದರು. ಅವರ ತಂಡ ಪಿಎನ್‌ಎಚ್ ಕಣಗಳ ಮೇಲೂ ಇದನ್ನು ಪರೀಕ್ಷಿಸಿತು. ಮೊದಲು ಹೊಗಳಿಕೆಯ ಮಳೆ, ಆಮೇಲೆ ಅನುಮಾನದ ಮಳೆ. ನಿಮ್ಮ ಸೀರಮ್‌ನಲ್ಲಿ ಪ್ರತಿಕಾಯ ಉಳಿದಿರಬೇಕು ಎಂದರು ಟೀಕಾಕಾರರು. 1957ರಲ್ಲಿ ಪಿಲ್ಲೆಮರ್ ತೀರಿಕೊಂಡರು. ಅವರು ಹೇಳಿದ್ದೇ ಸರಿ ಎಂದು ವಿಜ್ಞಾನ ಒಪ್ಪಿಕೊಳ್ಳಲು ಮತ್ತೆ ಒಂದು ದಶಕಕ್ಕೂ ಹೆಚ್ಚು ಬೇಕಾಯಿತು. ಇವತ್ತು ಪ್ರತಿ ವೈದ್ಯ ವಿದ್ಯಾರ್ಥಿಯೂ ಓದುವ 'ಆಲ್ಟರ್ನೇಟಿವ್ ಪಾಥ್‌ವೇ' ಅದೇ.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. 1970ರಲ್ಲಿ ನೈಜೀರಿಯಾದ ಇಬಾದಾನ್‌ನ ಸಂಶೋಧಕರು, ಕೆಟ್ಟ ಕಣಗಳೆಲ್ಲ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟಿಸುವ ಒಂದೇ ಮೂಲಕೋಶದ ಸಂತಾನ ಎಂಬುದಕ್ಕೆ ಪುರಾವೆ ಕೊಟ್ಟರು. ಎಂಬತ್ತರ ದಶಕದಲ್ಲಿ ಕಾಣೆಯಾದ ಕಾವಲು ಪ್ರೋಟೀನುಗಳು ಯಾವುವು ಎಂದು ತಿಳಿಯಿತು: ಸಿಡಿ55 ಮತ್ತು ಸಿಡಿ59. ಅವನ್ನು ಕೋಶದ ಮೈಗೆ ಸಿಕ್ಕಿಸುವ ಕೊಂಡಿಯೇ ತಯಾರಾಗುತ್ತಿಲ್ಲ, ಕಾರಣ ಪಿಗ್-ಎ ಎಂಬ ವಂಶವಾಹಿಯ ದೋಷ ಎಂದು 1993ರಲ್ಲಿ ಜಪಾನಿನ ಒಸಾಕಾದ ತಂಡ ತೋರಿಸಿತು. ಈ ದೋಷ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿದ ಮೇಲೆ ಯಾವಾಗಲೋ ಮಜ್ಜೆಯ ಒಂದು ಕೋಶದಲ್ಲಿ ಆಗುವಂಥದ್ದು. ಮಕ್ಕಳಿಗೆ ದಾಟುವುದಿಲ್ಲ. ಸಂಬಂಧ ನೋಡುವಾಗ ಮನೆತನದ ರೋಗ ಎಂದು ಹಿಂದೆ ಸರಿಯುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಜೀವ ತೆಗೆಯುತ್ತಿದ್ದದ್ದು ಮುಖ್ಯವಾಗಿ ರಕ್ತಹೀನತೆಯಲ್ಲ, ಲಿವರ್‌ನ ರಕ್ತನಾಳಗಳಂಥ ಕಡೆ ರಕ್ತ ಹೆಪ್ಪುಗಟ್ಟುವುದು. ಲಂಡನ್ನಿನಲ್ಲಿ 80 ರೋಗಿಗಳನ್ನು ಗಮನಿಸಿ 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗ ಗೊತ್ತಾದ ಮೇಲೆ ಅರ್ಧದಷ್ಟು ಜನ ಬದುಕಿದ್ದು ಸುಮಾರು 10 ವರ್ಷ. 12 ಜನರಿಗೆ ತಾನಾಗಿಯೇ ವಾಸಿಯಾಗಿತ್ತು.

ಚಿತ್ರ ಬದಲಾಗಿದ್ದು ಎಕುಲಿಜುಮ್ಯಾಬ್‌ನಿಂದ. ಕಾಂಪ್ಲಿಮೆಂಟ್‌ನ ಸಿ5 ಎಂಬ ಪ್ರೋಟೀನನ್ನು ಕಟ್ಟಿಹಾಕುವ ಔಷಧಿ ಇದು. ಎರಡು ವಾರಕ್ಕೊಮ್ಮೆ ಡ್ರಿಪ್. ಇಂಗ್ಲೆಂಡಿನಲ್ಲಿ ಮೊದಲು 11 ಜನರಿಗೆ ಕೊಟ್ಟು ನೋಡಿದರು. 2007ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ರಕ್ತ ಹಾಕಿಸಿಕೊಳ್ಳುವುದು ಇಳಿಯಿತು, ಹೆಪ್ಪುಗಟ್ಟುವುದೂ ಇಳಿಯಿತು. ಅಪಾಯ ಇಲ್ಲವೆಂದಲ್ಲ. ಕಾಂಪ್ಲಿಮೆಂಟ್ ಕಟ್ಟಿಹಾಕಿದರೆ ಮೆನಿಂಜೈಟಿಸ್ ತರುವ ಒಂದು ರೋಗಾಣುವಿಗೆ ದಾರಿ ಸಲೀಸು, ಹಾಗಾಗಿ ಲಸಿಕೆ ಹಾಕಿಸಿಕೊಂಡೇ ಶುರು ಮಾಡಬೇಕು.

ಮತ್ತೆ ಬೆಲೆ. 2010ರಲ್ಲಿ ಇದು ಜಗತ್ತಿನ ಅತಿ ದುಬಾರಿ ಔಷಧಿ ಎನಿಸಿಕೊಂಡಿತು. ವರ್ಷಕ್ಕೆ 4,09,500 ಡಾಲರ್, ಆಗಿನ ಲೆಕ್ಕದಲ್ಲೇ ಒಂದೂಮುಕ್ಕಾಲು ಕೋಟಿ ರೂಪಾಯಿ ದಾಟುತ್ತದೆ. ಕೆಲವೇ ರೋಗಿಗಳಿರುವ ಕಾಯಿಲೆಗೆ ಯಾರೂ ಔಷಧಿ ಮಾಡುವುದಿಲ್ಲ ಎಂದು 1983ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ಮಾಡಿದವರಿಗೆ ಏಳು ವರ್ಷ ಪೈಪೋಟಿ ಇಲ್ಲದ ಮಾರುಕಟ್ಟೆ ಕೊಟ್ಟಿತ್ತು. ಉದ್ದೇಶ ಒಳ್ಳೆಯದೇ. ದುಡ್ಡು ಹಾಕಿದವರಿಗೆ ಲಾಭವೂ ಬೇಕು. ಆದರೆ ಹ್ಯಾಮ್‌ನ ಸೀರಮ್ಮು, ಪಿಲ್ಲೆಮರ್‌ನ ಪ್ರೊಪರ್ಡಿನ್, ಇಬಾದಾನ್ ಮತ್ತು ಒಸಾಕಾದ ದುಡಿಮೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಆಮೇಲೆ ಎಂಟು ವಾರಕ್ಕೊಮ್ಮೆ ಕೊಡುವ ರವುಲಿಜುಮ್ಯಾಬ್ ಬಂತು. 2023ರ ಕೊನೆಗೆ ಬಾಯಿಗೆ ಹಾಕಿಕೊಳ್ಳುವ ಇಪ್ಟಾಕೊಪ್ಯಾನ್ ಬಂತು. ಇದು ತಡೆಯುವುದು ಪಿಲ್ಲೆಮರ್ ಹೇಳಿದ ಆ ದಾರಿಯನ್ನೇ.

ನಮ್ಮಲ್ಲಿ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, ಮರುವರ್ಷ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಇಂಥ ಔಷಧಿಗೆ ಅದು ಎಷ್ಟು ತಿಂಗಳು ಬಂದೀತು ಎಂದು ಲೆಕ್ಕ ಹಾಕಿ ನೋಡಿ. ಹಾಗಾಗಿ ಇಲ್ಲಿ ಹೆಚ್ಚಿನವರ ಪಾಲಿಗೆ ಚಿಕಿತ್ಸೆ ಎಂದರೆ ಇನ್ನೂ ರಕ್ತ ಹಾಕಿಸುವುದು, ಫೋಲಿಕ್ ಆ್ಯಸಿಡ್, ರಕ್ತ ತೆಳುವಾಗಿಸುವ ಮಾತ್ರೆ. ಪೂರ್ತಿ ವಾಸಿ ಮಾಡುವುದು ಮೂಳೆಮಜ್ಜೆ ಕಸಿ ಮಾತ್ರ. ಒಡಹುಟ್ಟಿದವರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೂ ಕಸಿಯಲ್ಲಿ ಜೀವಕ್ಕೇ ಅಪಾಯವಿದೆ.

ಎಕುಲಿಜುಮ್ಯಾಬ್‌ಗೆ ಸರಿಸಾಟಿಯಾಗಿ ಬೇರೆ ಕಂಪನಿ ತಯಾರಿಸಿದ ಔಷಧಿಗೆ, ಅಂದರೆ ಬಯೋಸಿಮಿಲರ್‌ಗೆ, ರಷ್ಯಾ 2019ರಲ್ಲಿ, ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿವೆ. ಬಯೋಸಿಮಿಲರ್ ತಯಾರಿಸುವುದು ಬೆಂಗಳೂರಿಗೆ ಹೊಸ ವಿದ್ಯೆಯೇನಲ್ಲ. ಸ್ತನ ಕ್ಯಾನ್ಸರ್‌ನ ಟ್ರಾಸ್ಟುಜುಮ್ಯಾಬನ್ನು ಇಲ್ಲಿಯವರೇ ಮಾಡಿ 2014ರಲ್ಲಿ ಮಾರುಕಟ್ಟೆಗೆ ತಂದಿದ್ದಾರೆ. ಆದರೆ ಆ ಕಾಯಿಲೆಗೆ ಲಕ್ಷಗಟ್ಟಲೆ ರೋಗಿಗಳಿದ್ದಾರೆ. ಪಿಎನ್‌ಎಚ್‌ಗೆ ಇಲ್ಲ.