ನೆಗ್ಗಿಲು, ಹಿರೇಮದ್ದು, ಒಂದೆಲಗ: ಹೊಲದ ಬದುವಿನಿಂದ ಜಿಮ್ ಡಬ್ಬಿಯವರೆಗೆ

ನೆಗ್ಗಿಲು ಮುಳ್ಳು ತುಳಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಧುಗಿರಿ, ಪಾವಗಡ, ಶಿರಾ ಕಡೆ ಕಡ್ಲೆಕಾಯಿ ಹೊಲದ ಬದುವಿನಲ್ಲಿ ಬರಿಗಾಲಲ್ಲಿ ಓಡಾಡಿದವರೆಲ್ಲ ಒಂದಲ್ಲ ಒಂದು ದಿನ ಒಂಟಿಕಾಲಲ್ಲಿ ನಿಂತು ಅದನ್ನು ಕಿತ್ತಿರುತ್ತಾರೆ. ನೆಲಕ್ಕೆ ಅಂಟಿಕೊಂಡು ಹರಡುವ ಬಳ್ಳಿ, ಬೆರಳುಗುರಿನಷ್ಟು ಹಳದಿ ಹೂವು. ಕಾಯಿ ಮಾತ್ರ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ನನ್ನ ಸೈಕಲ್ಲಿನ ಟ್ಯೂಬಿಗೆ ಬಿದ್ದ ಅರ್ಧ ಪಂಕ್ಚರ್ ಇದರದ್ದೇ.

ಹೋದ ವರ್ಷ ಅಕ್ಕನ ಮಗ ಒಂದು ಕಪ್ಪು ಡಬ್ಬಿ ತಂದು ತೋರಿಸಿದ. ತುಮಕೂರಿನಲ್ಲೇ ಇಂಜಿನಿಯರಿಂಗ್ ಓದುತ್ತಾನೆ, ಸಂಜೆ ಬಿ.ಎಚ್. ರಸ್ತೆ ಕಡೆಯ ಜಿಮ್ಮಿಗೆ ಹೋಗುತ್ತಾನೆ. "ಮಾಮ, ಇದು ಟೆಸ್ಟೋಸ್ಟೆರಾನ್ ಬೂಸ್ಟರ್. ಫುಲ್ ಹರ್ಬಲ್. ಸೈಡ್ ಎಫೆಕ್ಟ್ ಏನೂ ಇಲ್ಲ." ಗಂಡಸರ ಹಾರ್ಮೋನು ಏರಿಸುವುದಂತೆ. ಹಿಂದೆ ತಿರುಗಿಸಿ ಓದಿದೆ. ಮೊದಲನೆಯದು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಎರಡನೆಯದು ವಿಥಾನಿಯಾ ಸೊಮ್ನಿಫೆರಾ, ಅಂದರೆ ಅಶ್ವಗಂಧ. ಮೂರನೆಯದು ಬಕೋಪ ಮೊನಿಯೆರಿ, ಅದು ಓದಿನ ಏಕಾಗ್ರತೆಗಂತೆ.

"ಲೋ, ಇದು ನೆಗ್ಗಿಲು ಕಣೋ," ಅಂದೆ. ಅವನು ನಂಬಲಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದ ಮೇಲೆ ಸುಮ್ಮನಾದ.

ನಮ್ಮ ಬದುವಿನ ಮುಳ್ಳು ಲ್ಯಾಟಿನ್ ಹೆಸರು ಹೊತ್ತು, ಇಷ್ಟು ದುಬಾರಿ ಡಬ್ಬಿಯಲ್ಲಿ ವಾಪಸ್ ಬಂದದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ಅರ್ಧ ಪ್ರಪಂಚ ಸುತ್ತಬೇಕಾಗುತ್ತದೆ.

ಜಿಮ್ಮಿಗೆ ಮುಂಚೆ ಗರಡಿ ಮನೆ ಇತ್ತು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಬೆಳಗಿನ ಜಾವ ದಂಡ, ಬಸ್ಕಿ. ತಾಲೀಮು ಮುಗಿದ ಮೇಲೆ ನೆನೆಸಿ ಅರೆದ ಬಾದಾಮಿ, ಹಾಲು, ತುಪ್ಪ. ಇಲ್ಲದವರಿಗೆ ಮುದ್ದೆ, ಹುರುಳಿಕಾಳು. ಪೈಲ್ವಾನನ ತೋಳು ನೋಡಿದವರು "ಏನು ತಿಂತಾನೋ" ಅಂತ ಕೇಳುತ್ತಿದ್ದರೇ ಹೊರತು ದಿನಕ್ಕೆ ಎಷ್ಟು ಬಸ್ಕಿ ಹೊಡೀತಾನೆ ಅಂತ ಕೇಳುತ್ತಿದ್ದವರು ಕಡಿಮೆ. ಆ ಚಾಳಿ ಇನ್ನೂ ಹೋಗಿಲ್ಲ. ಡಬ್ಬಿ ಮಾರುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕಿಲ್ಲ.

ಗಿಡಮೂಲಿಕೆಯ ನಂಬಿಕೆಯೂ ನಮ್ಮಲ್ಲಿ ಹಳೆಯದೇ. ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಅಂದರೆ ಜನಕ್ಕೆ ಮೊದಲು ನೆನಪಾಗುವುದೇ ನಾರು-ಬೇರು. ಆದರೆ ಹಳೆಯ ಗ್ರಂಥಗಳು ಏನು ಹೇಳಿದ್ದವು, ಡಬ್ಬಿ ಏನು ಹೇಳುತ್ತದೆ ಅನ್ನುವುದರ ನಡುವೆ ಅಂತರವಿದೆ. ಚರಕ ಸಂಹಿತೆಯಲ್ಲಿ ಬಲ ಕೊಡುವ ಹತ್ತು ಮೂಲಿಕೆಗಳ ಗುಂಪೊಂದಿದೆ. ಅದರಲ್ಲಿ ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದು, ಇದೆ. ಹಸಿ ಬೇರು ಕುದುರೆಯ ವಾಸನೆ ಹೊಡೆಯುತ್ತದೆ ಅಂತಲೇ ಆ ಹೆಸರು. ನೆಗ್ಗಿಲು ಮಾತ್ರ ಅಲ್ಲಿ ಮುಖ್ಯವಾಗಿ ಮೂತ್ರದ ತೊಂದರೆಗೆ ಬರುವ ಮದ್ದು.

ಇದು ಗೊತ್ತಿದ್ದೇ ತುಮಕೂರಿನ ಮಂಡಿಪೇಟೆಯ ಒಂದು ಗ್ರಂಧಿಗೆ ಅಂಗಡಿಗೆ ಹೋಗಿ ನೆಗ್ಗಿಲು ಕೇಳಿದೆ. ಯಜಮಾನರು ತಲೆ ಎತ್ತದೆ, "ಕಲ್ಲಿಗಾ?" ಅಂದರು. ಮೂತ್ರಕೋಶದ ಕಲ್ಲು. ಜಿಮ್ಮಿಗೆ ಅಂದೆ. ಈಗ ತಲೆ ಎತ್ತಿದರು. "ಹೂಂ, ಈಗ ಅದಕ್ಕೂ ಕೇಳ್ತಾರೆ," ಅಂತ ಹೇಳಿ ಪೊಟ್ಟಣ ಕಟ್ಟಿದರು. ಕಲ್ಲಿನ ಮದ್ದು ತೋಳಿನ ಮದ್ದಾದದ್ದು ಮಂಡಿಪೇಟೆಯಲ್ಲಂತೂ ಅಲ್ಲ.

ಅದಾದದ್ದು ಬಲ್ಗೇರಿಯಾದಲ್ಲಿ. ಅದಕ್ಕೂ ಮೊದಲು ಸೋವಿಯತ್ ರಷ್ಯಾದಲ್ಲಿ ಶುರುವಾದ ಒಂದು ಮಾತು ಹೇಳಬೇಕು. 1947ರಲ್ಲಿ ನಿಕೊಲಾಯ್ ಲಾಜರೆವ್ ಎಂಬ ವಿಜ್ಞಾನಿ 'ಅಡಾಪ್ಟೊಜೆನ್' ಎಂಬ ಪದ ಹುಟ್ಟುಹಾಕಿದರು. ಚಳಿ, ದಣಿವು, ಒತ್ತಡ ಯಾವುದೇ ಬರಲಿ, ದೇಹ ತಾಳಿಕೊಳ್ಳುವಂತೆ ಮಾಡುವ ವಸ್ತು ಅಂತ ಅದರ ಅರ್ಥ. ಅವರ ನಂತರ ಇಸ್ರೇಲ್ ಬ್ರೆಖ್ಮನ್ ಸೈಬೀರಿಯಾದ ಗಿಡಗಳನ್ನು ಹಿಡಿದು ಈ ಕೆಲಸ ಮುಂದುವರಿಸಿದರು. ಶೀತಲ ಸಮರದ ಕಾಲ. ಸೈನಿಕ, ನಾವಿಕ, ಕ್ರೀಡಾಪಟು ಎಲ್ಲರೂ ಇನ್ನೊಂದಿಷ್ಟು ಹೊತ್ತು ದಣಿಯದೆ ಇರಬೇಕಿತ್ತು. ಇವತ್ತು ಅಶ್ವಗಂಧದ ಎಷ್ಟೋ ಡಬ್ಬಿಗಳ ಮೇಲೆ ಆ ಪದ ಕಾಣುತ್ತದೆ. ಅದು ಆಯುರ್ವೇದದ್ದು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ.

ಇನ್ನು ಬಲ್ಗೇರಿಯಾ. 1980ರ ದಶಕದಲ್ಲಿ ಅಲ್ಲಿನ ಔಷಧ ಕಂಪನಿ ಸೋಫಾರ್ಮಾ ನೆಗ್ಗಿಲಿನಿಂದ 'ಟ್ರೈಬೆಸ್ಟಾನ್' ಎಂಬ ಮಾತ್ರೆ ಮಾಡುತ್ತಿತ್ತು. ಅದು ಗಂಡಸರ ಲೈಂಗಿಕ ತೊಂದರೆಗೆ ಕೊಡುತ್ತಿದ್ದದ್ದು. ಅದೇ ಹೊತ್ತಿಗೆ ಇವಾನ್ ಅಬಾಜಿಯೆವ್ ಎಂಬ ಕೋಚ್ ಕೈಯಲ್ಲಿ ಬಲ್ಗೇರಿಯಾದ ವೇಟ್‌ಲಿಫ್ಟರ್‌ಗಳು ಜಗತ್ತನ್ನೇ ಬೆರಗುಗೊಳಿಸುತ್ತಿದ್ದರು. ದಿನಕ್ಕೆ ಹಲವು ಸಲ, ಹೆಚ್ಚುಕಡಿಮೆ ತಮ್ಮ ಮಿತಿಯಷ್ಟೇ ಭಾರ ಎತ್ತಿಸುವ ಕ್ರೂರ ಅಭ್ಯಾಸ ಅದು. ಎರಡನ್ನೂ ಗಂಟು ಹಾಕುವುದು ಮಾರಾಟಗಾರರಿಗೆ ಕಷ್ಟವೇನಲ್ಲ. ಅವರ ಶಕ್ತಿಯ ಗುಟ್ಟು ಈ ಗಿಡ ಅಂತ ಕಥೆ ಹಬ್ಬಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆದದ್ದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಚಿನ್ನ ಗೆದ್ದ ಇಬ್ಬರು ಬಲ್ಗೇರಿಯನ್ನರು ಫ್ಯೂರೊಸೆಮೈಡ್ ಎಂಬ ನಿಷೇಧಿತ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದರು. ಪದಕ ಹೋಯಿತು. ಉಳಿದ ಲಿಫ್ಟರ್‌ಗಳನ್ನು ದೇಶವೇ ವಾಪಸ್ ಕರೆಸಿಕೊಂಡಿತು. ಅಂದಹಾಗೆ ಫ್ಯೂರೊಸೆಮೈಡ್ ಕೆಲಸ ಮೂತ್ರ ಜಾಸ್ತಿ ಮಾಡುವುದು. ನಮ್ಮ ಗ್ರಂಧಿಗೆ ಯಜಮಾನರು ನಗುತ್ತಿದ್ದರೇನೋ.

ನೆಗ್ಗಿಲನ್ನು ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಟ್ರೇಲಿಯಾದ 22 ರಗ್ಬಿ ಆಟಗಾರರಿದ್ದರು. ಕೆಲವರಿಗೆ ದಿನಕ್ಕೆ 450 ಮಿಲಿಗ್ರಾಂ ನೆಗ್ಗಿಲು ಸಾರ, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ. ಐದು ವಾರ ಎಲ್ಲರೂ ಕಸರತ್ತು ಮಾಡಿದರು. ಎರಡೂ ಗುಂಪಿನವರ ಶಕ್ತಿ ಹೆಚ್ಚಿತು, ಆದರೆ ಒಂದರಷ್ಟೇ ಇನ್ನೊಂದು. 2005ರಲ್ಲಿ ಬಲ್ಗೇರಿಯಾದ ಸಂಶೋಧಕರೇ ಆರೋಗ್ಯವಂತ ಯುವಕರ ಮೇಲೆ ನೋಡಿ, ಟೆಸ್ಟೋಸ್ಟೆರಾನ್ ಏರಲಿಲ್ಲ ಅಂತ ಬರೆದಿದ್ದರು. ನೆಗ್ಗಿಲಿನ ಕಥೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಡಬ್ಬಿಗಳ ಮೇಲೆ ಮುಗಿದಿಲ್ಲ.

ಯಾಕೆ ಮುಗಿದಿಲ್ಲ ಅಂದರೆ 1994. ಆ ವರ್ಷ ಅಮೆರಿಕ ಒಂದು ಕಾನೂನು ಮಾಡಿತು. ಅದರ ಪ್ರಕಾರ ಗಿಡಮೂಲಿಕೆಯ ಸಪ್ಲಿಮೆಂಟ್ ಮಾರುವ ಮೊದಲು ಅದು ಕೆಲಸ ಮಾಡುತ್ತದೆ ಅಂತ ಸರ್ಕಾರಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕಾಗಿಲ್ಲ. ತೊಂದರೆ ಆದ ಮೇಲೆ ಸರ್ಕಾರವೇ ಸಾಬೀತು ಮಾಡಿ ಹಿಂತೆಗೆಸಬೇಕು. ಎಫೆಡ್ರ ಎಂಬ ಗಿಡದ ಸಾರವನ್ನು ತೂಕ ಇಳಿಸಲು ಹೀಗೇ ಮಾರಿದರು. 2003ರಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದ ಒಬ್ಬ ಯುವ ಬೇಸ್‌ಬಾಲ್ ಆಟಗಾರ ಅಭ್ಯಾಸದ ವೇಳೆ ಕುಸಿದು ಸತ್ತ. 2004ರಲ್ಲಿ ನಿಷೇಧ ಬಂತು. ಅದೂ 'ಹರ್ಬಲ್' ಮದ್ದೇ.

ಅಶ್ವಗಂಧದ ಕಥೆ ಬೇರೆ. ಇದರಲ್ಲಿ ಸ್ವಲ್ಪ ಹುರುಳಿದೆ. 2012ರಲ್ಲಿ ನಮ್ಮ ದೇಶದಲ್ಲೇ 64 ಜನರ ಮೇಲೆ 60 ದಿನದ ಪ್ರಯೋಗ ನಡೆಯಿತು. ಬೇರಿನ ಸಾರ 300 ಮಿಲಿಗ್ರಾಂ, ದಿನಕ್ಕೆರಡು ಸಲ. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಸುಮಾರು ಶೇ 28ರಷ್ಟು ಇಳಿಯಿತು. 2015ರಲ್ಲಿ ಬಂದ ಇನ್ನೊಂದು ಅಧ್ಯಯನವೇ ಜಿಮ್ ಹುಡುಗರ ಬಾಯಲ್ಲಿರುವುದು. 57 ಗಂಡಸರು, ಎಂಟು ವಾರ, ಅದೇ ಪ್ರಮಾಣ. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದರಲ್ಲಿ, ಅಶ್ವಗಂಧದವರು ಮೊದಲಿಗಿಂತ ಸರಾಸರಿ 46 ಕಿಲೋ ಜಾಸ್ತಿ ಎತ್ತಿದರು. ಪಿಷ್ಟ ತುಂಬಿದ ಮಾತ್ರೆ ತಿಂದವರು 26.4 ಕಿಲೋ.

ಇಲ್ಲಿ ಸ್ವಲ್ಪ ನಿಲ್ಲೋಣ. ಜಾಹೀರಾತು 46 ಅನ್ನು ತೋರಿಸುತ್ತದೆ. ನನ್ನ ಕಣ್ಣು ಹೋಗುವುದು 26.4ರ ಮೇಲೆ. ಏನೂ ಇಲ್ಲದ ಮಾತ್ರೆ ನುಂಗಿ, ಬರೀ ಕಸರತ್ತು ಮಾಡಿದವರಿಗೆ ಅರ್ಧಕ್ಕಿಂತ ಜಾಸ್ತಿ ಲಾಭ ಸಿಕ್ಕಿಬಿಟ್ಟಿದೆ! ಇನ್ನೊಂದು ವಿಷಯ, ಇವರೆಲ್ಲ ಭಾರ ಎತ್ತುವುದಕ್ಕೆ ಹೊಸಬರು. ಹೊಸಬರ ಶಕ್ತಿ ಮೊದಲ ಎರಡು ತಿಂಗಳು ಹೇಗಿದ್ದರೂ ಜಿಗಿಯುತ್ತದೆ. ಮೂರು ವರ್ಷದಿಂದ ಬೆಂಚ್ ಹೊಡೆಯುತ್ತಿರುವವನಿಗೆ ಎಂಟು ವಾರದಲ್ಲಿ 46 ಕಿಲೋ ಅಂದರೆ ನಗು ಬರುತ್ತದೆ. 2018ರಲ್ಲಿ ಅಮೆರಿಕದಲ್ಲಿ ನಡೆದ 12 ವಾರದ ಪ್ರಯೋಗದಲ್ಲಿ ಈ ಅಂತರ ಚಿಕ್ಕದಾಯಿತು: ಬೆಂಚ್ ಪ್ರೆಸ್ 12.8 ಕಿಲೋ, ಹುಸಿ ಮಾತ್ರೆಯವರಿಗೆ 8. ಇದು ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ. ಲಾಭ ಇರಬಹುದು, ಸಣ್ಣದು. ಒತ್ತಡ ಇಳಿದು ನಿದ್ದೆ ಚೆನ್ನಾಗಿ ಬಂದರೆ ಭಾರವೂ ಸುಲಭ ಅನ್ನಿಸುತ್ತದೆ, ಅಲ್ವಾ?

ಏಕಾಗ್ರತೆಯ ಮಾತಿಗೆ ಬಂದರೆ ಒಂದು ಹೆಸರಿನ ಗೊಂದಲ ಇದೆ. ನಮ್ಮ ಮನೆಗಳಲ್ಲಿ ಬ್ರಾಹ್ಮಿ ಅಂದರೆ ಒಂದೆಲಗ. ತೊಟ್ಟಿಗೊಂದೇ ದುಂಡು ಎಲೆ, ಬಚ್ಚಲ ನೀರು ಹರಿಯುವ ಕಡೆ ಬೆಳೆಯುತ್ತದೆ. ಅಜ್ಜಿ ಚಟ್ನಿಗೆ ಅರೆದು ಹಾಕಿ "ತಿನ್ನು, ಬುದ್ಧಿ ಬರುತ್ತೆ" ಅನ್ನುತ್ತಿದ್ದದ್ದು ಇದನ್ನೇ. ಡಬ್ಬಿಯಲ್ಲಿರುವ ಬಕೋಪ ಬೇರೆ ಗಿಡ. ಅದು ನೀರ್ಬ್ರಾಹ್ಮಿ, ದಪ್ಪ ಸಣ್ಣ ಎಲೆ, ತಿಳಿ ನೇರಳೆ ಹೂವು, ಕಹಿ. ಚರಕ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಯ ಮದ್ದುಗಳಲ್ಲಿ, ಮಂಡೂಕಪರ್ಣಿ, ಅಂದರೆ ಒಂದೆಲಗದ ಹಸಿ ರಸ ಇದೆ. ಉಳಿದ ಮೂರು ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಅಜ್ಜಿ ಗ್ರಂಥ ಓದದೆಯೇ ಗ್ರಂಥದ ಜೊತೆಗಿದ್ದಳು.

ಆದರೆ ಲ್ಯಾಬಿನಲ್ಲಿ ಹೆಚ್ಚು ಪರೀಕ್ಷೆ ಆದದ್ದು ನೀರ್ಬ್ರಾಹ್ಮಿ. 1960ರ ದಶಕದಲ್ಲಿ ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ಬಕೋಸೈಡ್ ಎಂಬ ಅಂಶಗಳನ್ನು ಬೇರ್ಪಡಿಸಿದರು. 2001ರಲ್ಲಿ ಆಸ್ಟ್ರೇಲಿಯಾದಲ್ಲಿ 46 ಆರೋಗ್ಯವಂತರಿಗೆ ದಿನಕ್ಕೆ 300 ಮಿಲಿಗ್ರಾಂ ಕೊಟ್ಟು ನೋಡಿದರು. ಕಲಿಯುವ ವೇಗ, ನೆನಪು ಸ್ವಲ್ಪ ಸುಧಾರಿಸಿತು. ಎಷ್ಟು ದಿನಕ್ಕೆ? ಚೆನ್ನಾಗಿ ಕಾಣಿಸಿದ್ದು 12 ವಾರಕ್ಕೆ. ಅದೇ ವರ್ಷ ಅದೇ ಪ್ರಮಾಣವನ್ನು ಒಂದೇ ಸಲ ಕೊಟ್ಟು ಎರಡು ಗಂಟೆ ಬಿಟ್ಟು ಪರೀಕ್ಷಿಸಿದಾಗ ಏನೂ ಆಗಿರಲಿಲ್ಲ.

ಪಿಯುಸಿ ಪರೀಕ್ಷೆಗೆ ಹತ್ತು ದಿನ ಇರುವಾಗ ಬ್ರಾಹ್ಮಿ ಸಿರಪ್ ಕೊಳ್ಳುವ ಅಪ್ಪ-ಅಮ್ಮಂದಿರು ತುಮಕೂರಿನಂಥ ಓದಿನ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಈ 12 ವಾರದ ಲೆಕ್ಕ ಯಾರೂ ಹೇಳುವುದಿಲ್ಲ. ಇದರ ಅಡ್ಡ ಪರಿಣಾಮಗಳಲ್ಲಿ ಸಾಮಾನ್ಯವಾದದ್ದು ಹೊಟ್ಟೆ ಕೆಡುವುದು ಅನ್ನುವುದನ್ನೂ ಹೇಳುವುದಿಲ್ಲ. ಪರೀಕ್ಷೆ ದಿನ ಅದೊಂದು ಬಾಕಿ! ತಕ್ಷಣ ಚುರುಕಾಗಬೇಕು ಅಂದರೆ ಸಾಕ್ಷ್ಯ ಗಟ್ಟಿಯಾಗಿರುವ ಸಸ್ಯ ನಮ್ಮ ಮನೆಯ ಫಿಲ್ಟರಿನಲ್ಲೇ ಇಳಿಯುತ್ತಿರುತ್ತದೆ. ಕಾಫಿ ದಣಿವನ್ನೂ ದೂಡುತ್ತದೆ. ಕೆಫೀನ್ ಜಾಸ್ತಿಯಾದರೆ 2003ರ ಕೊನೆಯವರೆಗೂ ಕ್ರೀಡಾಪಟುಗಳು ಉದ್ದೀಪನ ಮದ್ದಿನ ಲೆಕ್ಕದಲ್ಲಿ ಸಿಕ್ಕಿಬೀಳುತ್ತಿದ್ದರು. 2004ರಿಂದ ಅದು ನಿಷೇಧಿತ ಪಟ್ಟಿಯಲ್ಲಿಲ್ಲ.

'ಸೈಡ್ ಎಫೆಕ್ಟ್ ಏನೂ ಇಲ್ಲ' ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಅಶ್ವಗಂಧದಿಂದ ಲಿವರ್‌ಗೆ ಪೆಟ್ಟು ಬಿದ್ದ ಐದು ಜನರ ವಿವರ 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಪ್ರಕಟಿಸಿದರು. ಐದೂ ಜನಕ್ಕೆ ಕಾಮಾಲೆ. ನಮ್ಮ ದೇಶದಿಂದಲೂ 2023ರಲ್ಲಿ ಅಂಥದೇ ವರದಿ ಬಂತು. ಮೊದಲೇ ಲಿವರ್ ಕಾಯಿಲೆ ಇದ್ದವರ ಪಾಡು ಅದರಲ್ಲಿ ತೀರಾ ಕೆಟ್ಟದಾಗಿತ್ತು. ಕೋಟ್ಯಂತರ ಜನ ತಿನ್ನುವಾಗ ಇದು ಅಪರೂಪವೇ. ಆದರೆ ಅಪರೂಪ ಬೇರೆ, ಇಲ್ಲವೇ ಇಲ್ಲ ಅನ್ನುವುದು ಬೇರೆ. ಥೈರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು ಇದರ ಹತ್ತಿರ ಹೋಗಬಾರದು ಅಂತ ವೈದ್ಯರು ಹೇಳುತ್ತಾರೆ. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನು ನಿಷೇಧಿಸಿತು. 2024ರಲ್ಲಿ ನಮ್ಮ ಆಯುಷ್ ಸಚಿವಾಲಯ ಅದು ಸುರಕ್ಷಿತ ಅಂತ ದೊಡ್ಡ ದಾಖಲೆ ಹೊರತಂದಿತು. ಇಬ್ಬರೂ ತಮ್ಮ ವಾದಕ್ಕೆ ಬೇಕಾದ ಕಾಗದ ಇಟ್ಟುಕೊಂಡೇ ಮಾತಾಡುತ್ತಿದ್ದಾರೆ.

ಬೇರು, ಎಲೆಯ ಜಗಳವೂ ಇದೆ. ಹಿಂದಿನಿಂದ ಬಳಸುತ್ತಿದ್ದದ್ದು ಬೇರು. ಅದು ಹೆಚ್ಚಾಗಿ ಬೆಳೆಯುವುದು ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ. ಎಲೆ ಅಗ್ಗ. ಅದರಲ್ಲಿ ವಿಥಾಫೆರಿನ್-ಎ ಎಂಬ ಅಂಶವೂ ಜಾಸ್ತಿ, ಅದು ಜೀವಕೋಶಕ್ಕೆ ಕಟುವಾದದ್ದು. ಕಂಪನಿಗಳು ಎಲೆ ಬಳಸುವುದು ಬಿಡಬೇಕು ಅಂತ ಆಯುಷ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಸೂಚಿಸಿತು.

ಕಾನೂನಿನ ಕಡೆಯಿಂದ ನೋಡಿದರೆ ಒಂದೇ ಬೇರಿಗೆ ಎರಡು ಮೂರು ಬಾಗಿಲು. 1940ರ ಔಷಧ ಕಾಯ್ದೆಗೆ 1964ರಲ್ಲಿ ಆಯುರ್ವೇದ ಸೇರಿತು. ಅಲ್ಲಿ ಶಾಸ್ತ್ರೀಯ ಮದ್ದಾದರೆ ಗ್ರಂಥದಲ್ಲಿ ಇದೆ ಎಂದು ತೋರಿಸಿದರೆ ಸಾಕು, ಹೊಸದಾಗಿ ಪ್ರಯೋಗ ಬೇಕಿಲ್ಲ. ಅದೇ ಬೇರು 2016ರ ನ್ಯೂಟ್ರಾಸ್ಯುಟಿಕಲ್ (ಪೋಷಕ ಪೂರಕಗಳ) ನಿಯಮದಡಿ ಆಹಾರವಾಗಿಯೂ ಬರಬಹುದು. 2022ರಿಂದ 'ಆಯುರ್ವೇದ ಆಹಾರ' ಎಂಬ ಇನ್ನೊಂದು ಬಗೆಯೂ ಇದೆ. ಗೊಂದಲ ಆಗುವುದು ಸಹಜ.

ಬೆರಕೆಯದು ಇನ್ನೂ ದೊಡ್ಡ ತಲೆನೋವು. ಒಲಿಂಪಿಕ್ ಸಮಿತಿಯ ನೆರವಿನಿಂದ ಜರ್ಮನಿಯ ಕೊಲೋನ್ ಪ್ರಯೋಗಾಲಯ 634 ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿತು. 94ರಲ್ಲಿ ಲೇಬಲ್ಲಿನಲ್ಲಿ ಬರೆಯದ ಸ್ಟಿರಾಯ್ಡ್ ಜಾತಿಯ ವಸ್ತುಗಳಿದ್ದವು. ಗಿಡದ ಪುಡಿ ತಿಂದು ತಿಂಗಳಲ್ಲಿ ತೋಳು ಊದಿಕೊಂಡರೆ ನಾನು ಗಿಡವನ್ನು ಹೊಗಳುವುದಿಲ್ಲ, ಡಬ್ಬಿಯನ್ನು ಅನುಮಾನಿಸುತ್ತೇನೆ. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಪೊಲೀಸ್ ದೈಹಿಕ ಪರೀಕ್ಷೆಗೆ ಬೆಳಿಗ್ಗೆ ಬೆಳಿಗ್ಗೆ ಓಡುವ ಹುಡುಗರು ಇದನ್ನು ತಿಳಿದಿರಬೇಕು. ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡುವವರಂತೂ ಖಂಡಿತ. ಸಿಕ್ಕಿಬಿದ್ದಾಗ ನನಗೆ ಗೊತ್ತಿರಲಿಲ್ಲ ಅಂದರೆ ಅಷ್ಟಕ್ಕೇ ಬಿಡುವುದಿಲ್ಲ.

ಅಕ್ಕನ ಮಗನ ಡಬ್ಬಿಯನ್ನು ಇಬ್ಬರೂ ಕೂತು ಓದಿದೆವು. ಆಹಾರದ ಪರವಾನಗಿ ಸಂಖ್ಯೆ ಇತ್ತು. 'ಔಷಧ ಬಳಕೆಗಲ್ಲ' ಎಂದು ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಅಶ್ವಗಂಧ ಬೇರಿನದೋ ಎಲೆಯದೋ ಹೇಳಿರಲಿಲ್ಲ. ಮೂರೂ ಗಿಡ ಸೇರಿ 500 ಮಿಲಿಗ್ರಾಂ ಅಂತಿತ್ತು, ಯಾವುದು ಎಷ್ಟು ಅಂತ ಇರಲಿಲ್ಲ. ಮೂರರಲ್ಲಿ ಅಗ್ಗದ್ದು ಯಾವುದು ಅಂತ ಕೇಳಿದ. ಗ್ರಂಧಿಗೆ ಅಂಗಡಿಯ ಪೊಟ್ಟಣ ಅವನ ಮುಂದಿಟ್ಟೆ.

ಜಿಮ್ ಬಿಟ್ಟಿಲ್ಲ. ಮೊನ್ನೆ ಸಿಕ್ಕಿದಾಗ ಬ್ಯಾಗಿನಲ್ಲಿ ಅದೇ ಕಪ್ಪು ಡಬ್ಬಿ ಕಂಡಿತು. ಮುಖ ಗಂಟು ಹಾಕಿಕೊಂಡು ಮುಚ್ಚಳ ತೆಗೆದೆ. ಒಳಗೆ ಹುರಿದ ಕಡ್ಲೆಕಾಯಿ ಬೀಜ, ಜೊತೆಗೆ ಒಂದು ಅಚ್ಚು ಬೆಲ್ಲ. "ಡಬ್ಬಿ ಗಟ್ಟಿ ಇದೆ ಮಾಮ, ಯಾಕೆ ಬಿಸಾಕೋದು" ಅಂದ.